ಜೆಟ್ ಬೋಟು ಮತ್ತು ಅನ್ನಪೂರ್ಣಾಳ ಹೊಟ್ಟೆಕಿಚ್ಚು

ಗಂಡ ಊಟಕ್ಕೆ ಕುಳಿತಾಗಲೆಲ್ಲ ಇನ್ನೊಬ್ಬ ಹೆಂಗಸಿನ ಹೆಸರು ಹೇಳತೊಡಗಿದರೆ ಯಾವ ಹೆಂಡತಿಯ ಕೈಗೆ ತಾನೇ ರೊಟ್ಟಿ ನೆಟ್ಟಗೆ ಬಂದೀತು? ಆ ವಾರ ಅನ್ನಪೂರ್ಣಾಳ ರೊಟ್ಟಿಗಳೆಲ್ಲ ಅಂಚಿನಲ್ಲಿ ಹರಿದವು.

ಅವಳ ಗಂಡ ಗುರುನಾಥ ಮೊದಲು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುತ್ತಿದ್ದ. ಸವದತ್ತಿಯ ಜಲಾಶಯಕ್ಕೆ ಗುತ್ತಿಗೆದಾರನೊಬ್ಬ ಪ್ರವಾಸಿಗರಿಗಾಗಿ ಜೆಟ್ ಬೋಟು ತಂದಾಗ ಅದರ ಚಾಲಕನಾಗಿ ಸೇರಿಕೊಂಡ. ಆ ಬೋಟಿಗೆ ಹೊರಗೆ ತಿರುಗುವ ರೆಕ್ಕೆಯಿಲ್ಲ. ತಳದಿಂದ ನೀರು ಹೀರಿ, ಹಿಂದಿನ ನಾಝಲ್‌ನಿಂದ ರಭಸವಾಗಿ ಉಗುಳಿ ಮುಂದೆ ನುಗ್ಗುತ್ತದೆ. ಸ್ಟೇರಿಂಗ್ ತಿರುವಿದರೆ ಆ ನಾಝಲ್ ಹೊರಳುತ್ತದೆ, ಅದರ ಜೊತೆ ಬೋಟೂ ಹೊರಳುತ್ತದೆ.

ಈ ಬೇಸಿಗೆಯಲ್ಲಿ ನೀರು ಇಳಿದು, ದಂಡೆಯ ಮರಳು ಕದಡಿ ಬೋಟಿನೊಳಗೆ ಸೇರಿತು. ಸ್ಟೇರಿಂಗ್ ಬಿಗಿಯಾಯಿತು. ಸಂಜೆಯ ಹೊತ್ತಿಗೆ ತಳದಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲತೊಡಗಿತು. ನಾಝಲನ್ನು ಹೊರಳಿಸುವ ಉಕ್ಕಿನ ಸರಳು, ಅಂದರೆ ಶಾಫ್ಟು, ಬೋಟಿನ ಹಿಂಗೋಡೆ ದಾಟುವ ಜಾಗದಲ್ಲಿ ನೀರು ತಡೆಯುವ ರಬ್ಬರ್ ಸೀಲುಗಳಿರುತ್ತವೆ, ಅವು ಸವೆದುಹೋಗಿದ್ದವು. ಬೋಟು ಮಾರಿದ ಕಂಪನಿ ಗೋವಾದಿಂದ ಮೆಕ್ಯಾನಿಕ್ ಕಳಿಸಿತು. ಬಂದವಳು ಶೀತಲ್.

“ಯಾವನೋ ಗೋವಾದಂವ ಬರ್ತಾನ ಅನ್ಕೊಂಡಿದ್ವಿ. ನೋಡಿದ್ರ ಇಲ್ಲೇ ನಮ್ಮ ತೊರಗಲ್ ಊರ ಹುಡುಗಿ!” ಎಂದ ಗುರುನಾಥ ಮೊದಲ ದಿನವೇ. ಕುಕ್ಕರಿನ ರಬ್ಬರ್ ಎತ್ತಿ ತೋರಿಸಿದ. “ಸೀಲ್ ಅಂದ್ರ ಇಂಥಾದ್ದ, ಆದ್ರ ಸಣ್ಣದು. ಆಕಿ ಶಾಫ್ಟಿನ ಮ್ಯಾಲೆ ಬರೇ ಉಗುರ ಆಡಿಸಿ ಎಲ್ಲಿ ಗೀರ ಬಿದ್ದೈತಿ ಅಂತ ಹೇಳ್ತಾಳ. ಏನ್ ಕೈ ಅಂತಿ ಆಕೀದು!”

“ಹಂಗಾರ ರೊಟ್ಟಿನೂ ಆಕೀ ಕೈಲೇನ ಬಡಸ್ಕೋರಿ.”

ಗುರುನಾಥ ನಕ್ಕುಬಿಟ್ಟ. ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಪಕ್ಕದ ಮನೆಯ ಕೆಂಚವ್ವ ಬೇರೆ ಬೆಂಕಿಗೆ ತುಪ್ಪ ಸುರಿದಳು. “ನೀರಿನ ಕೆಲಸ ದಂಡಿ ಮ್ಯಾಲೆ ನಿಂತ ನೋಡಬೇಕವಾ. ಮನ್ಯಾಗ ಕುಂತ್ರ ಏನ್ ಕಾಣ್ತೈತಿ?”

ಮರುದಿನ ಅನ್ನಪೂರ್ಣಾ ಬುತ್ತಿ ಕಟ್ಟಿಕೊಂಡು ಹೊರಟಳು. ಆ ಸುಡುಬಿಸಿಲಿಗೆ ಮದುವೆ-ಮುಂಜಿಗೆಂದು ಇಟ್ಟಿದ್ದ ಇಳಕಲ್ ಸೀರೆ ಉಟ್ಟಳು. ಕನ್ನಡಿಯ ಮುಂದೆ ನಿಂತಾಗ ತನ್ನ ಮೇಲೇ ಸಿಟ್ಟು ಬಂತು, ಆದರೂ ಸೀರೆ ಬದಲಿಸಲಿಲ್ಲ.

ಬೋಟನ್ನು ದಂಡೆಗೆ ಎಳೆದು ಟ್ರೇಲರಿನ ಮೇಲೆ ನಿಲ್ಲಿಸಿದ್ದರು. ಅದರ ಹಿಂದೆ ಮಣ್ಣಿನ ಮೇಲೆ ಗೋಣಿಚೀಲ ಹಾಸಿ ಒಬ್ಬಳು ಕುಳಿತಿದ್ದಳು. ಅಂಗಿಯ ತೋಳು ಮಡಚಿದ್ದಳು, ಮೊಣಕೈವರೆಗೆ ಗ್ರೀಸು. ಪಕ್ಕದಲ್ಲಿ ಗುರುನಾಥ ಬ್ಯಾಟರಿ ಹಿಡಿದು ಬಗ್ಗಿದ್ದ. ಇಬ್ಬರ ತಲೆಯ ನಡುವೆ ಗೇಣು ಜಾಗವಿರಲಿಲ್ಲ. ಅವಳೇನೋ ಹೇಳುತ್ತಿದ್ದಳು, ಅವನು ಸಾಲಿ ಹುಡುಗನಂತೆ ತಲೆಯಾಡಿಸುತ್ತಿದ್ದ. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನ ಮಾತನ್ನು ಅವನು ಒಮ್ಮೆಯೂ ಹಾಗೆ ಕೇಳಿದ್ದಿಲ್ಲ ಅನ್ನಿಸಿತು ಅನ್ನಪೂರ್ಣಾಳಿಗೆ.

“ವೈನಿ ಏನ್ರಿ? ಬರ್ರಿ, ಬರ್ರಿ,” ಎಂದು ಶೀತಲ್ ಮೊದಲು ಮಾತಾಡಿದಳು. “ಗುರುನಾಥಣ್ಣಾರ, ನೆಳ್ಳಾಗ ಕುರ್ಚಿ ಹಾಕ್ರಿ ಅವ್ರಿಗೆ.”

ಬಾಯಿತುಂಬ ಅತ್ತಿಗೆ ಅನ್ನುವುದು, ನನ್ನ ಗಂಡನಿಗೆ ಹುಕುಂ ಬೇರೆ, ಅಂದುಕೊಂಡಳು ಅನ್ನಪೂರ್ಣಾ. ಕುರ್ಚಿಯಲ್ಲಿ ಕೂರಲಿಲ್ಲ.

ಅಷ್ಟರಲ್ಲಿ ಬೋಟು ಇಲ್ಲವೆಂದು ಟಿಕೆಟ್ ಕಿಟಕಿಯ ಮುಂದೆ ಪ್ರವಾಸಿಗರು ಜಗಳ ತೆಗೆದರು. ಗುರುನಾಥ ಅವರನ್ನು ಸಮಾಧಾನ ಮಾಡಲು ಓಡಿದ. ಶೀತಲ್ ಒಂದು ಕೈಯಲ್ಲಿ ನಾಝಲ್ ಎತ್ತಿ, ಅಳತೆ ನೋಡಲೆಂದು ಇನ್ನೊಂದು ಕೈಯಲ್ಲಿ ಅದರ ಪಿನ್ನು ಕೂರಿಸಲು ಒದ್ದಾಡಿದಳು. ನಾಝಲ್ ಜಾರಿತು.

“ವೈನಿ, ಇದನ್ನ ಸ್ವಲ್ಪ ಹಿಡೀತೀರೇನ್ರಿ? ಸೀರಿ ಹೊಲಸಾಗ್ತೈತಿ ನೋಡ್ರಿ ಮತ್ತ.”

ಅನ್ನಪೂರ್ಣಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ನಾಝಲ್ ತುಂಬಿದ ಕೊಡದಷ್ಟು ಭಾರವಿತ್ತು. ಅವಳು ಎತ್ತಿ ಹಿಡಿದಳು, ತೂತಿಗೆ ತೂತು ಸೇರಿತು, ಪಿನ್ನು ಸರಕ್ಕನೆ ಇಳಿಯಿತು.

“ಭಾಳ ಚಲೋ,” ಎಂದು ಶೀತಲ್ ಹಳೆಯ ಶಾಫ್ಟನ್ನು ಅವಳ ಕೈಗೆ ಕೊಟ್ಟಳು. “ಉಗುರ ಆಡಿಸ್ರಿ. ಏನರ ಹತ್ತತೈತೇನ?”

ಅನ್ನಪೂರ್ಣಾ ಉಗುರು ಆಡಿಸಿದಳು. ನುಣುಪು, ನುಣುಪು, ಆಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಗೀರು. “ಇಲ್ಲೈತಿ.”

“ಹೌದ್ರಿ. ಮರಳ ಹೊಕ್ಕು ಗೀರಿದ್ದದು. ಇದರ ಮ್ಯಾಲೆ ಹೊಸಾ ಸೀಲ್ ಹಾಕಿದ್ರೂ ಹರಕೊಂಡ ಹೋಗ್ತೈತಿ. ಅದಕ್ಕ ಶಾಫ್ಟನ ಹೊಸಾದು ತಂದೇನಿ.” ಆಮೇಲೆ ಸೀಲಿನ ಒಳಗಿನ ತೆಳು ಅಂಚನ್ನು ತೋರಿಸಿದಳು. “ಇದು ಇದರ ತುಟಿ. ಇದರ ಮಾರಿ ನೀರಿನ ಕಡೆ ಇರಬೇಕು. ನೀರ ಒತ್ತಿದಷ್ಟೂ ತುಟಿ ಬಿಗೀತೈತಿ. ಉಲ್ಟಾ ಹಾಕಿದ್ರ ನೀರಿಗೆ ಬಾಗಿಲಾ ತೆಗದಂಗ.”

ಮಾರನೆಯ ದಿನವೂ ಅನ್ನಪೂರ್ಣಾ ದಂಡೆಗೆ ಬಂದಳು. ಗಂಡ ಬುತ್ತಿ ಒಯ್ದಿದ್ದ. ಹೇಳಲು ನೆಪ ಇರಲಿಲ್ಲ. ಹಳೆಯ ಸೀರೆ ಉಟ್ಟಿದ್ದಳು.

“ಇವತ್ತ್ಯಾಕ ಬಂದಿ?” ಎಂದ ಗುರುನಾಥ.

“ಸುಮ್ನ.”

ಶೀತಲ್ ಅವಳ ಕೈಯಿಂದಲೇ ಒಂದು ಸೀಲು ಕೂರಿಸಿದಳು. ಬೆರಳಿನಿಂದ ಗ್ರೀಸು ಸವರಿಸಿ, ಎಲ್ಲ ಕಡೆ ಸಮನಾಗಿ ಒತ್ತಿಸಿದಳು. ಅದು ಕೂತದ್ದನ್ನು ನೋಡಿ ಗುರುನಾಥನ ಕಡೆ ತಿರುಗಿ ನಕ್ಕಳು. “ಅಣ್ಣಾರ, ನಿಮ್ಮ ಕೈಗಿಂತ ವೈನಿ ಕೈ ಹಗರ ಐತಿ ನೋಡ್ರಿ.”

ಗುರುನಾಥನ ಮುಖ ಸಣ್ಣಗಾಯಿತು. ಬೋಲ್ಟು ಬಿಚ್ಚುವ ಪಾನಾಗಳನ್ನು ಒರೆಸತೊಡಗಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. ಆ ಮುಖದ ಗುರುತು ಅನ್ನಪೂರ್ಣಾಳಿಗೆ ಚೆನ್ನಾಗಿಯೇ ಇತ್ತು. ಆ ವಾರವೆಲ್ಲ ತಾನು ಅದೇ ಮುಖ ಹೊತ್ತು ರೊಟ್ಟಿ ಬಡಿದಿದ್ದಳು.

ಕೆಲಸ ಮುಗಿಸಿ ಶೀತಲ್ ಗೋವಾಕ್ಕೆ ಹೋದಳು. ಹೋಗುವಾಗ ಇಬ್ಬರಿಗೂ ತನ್ನ ನಂಬರು ಕೊಟ್ಟಳು. ಎರಡು ಜೋಡಿ ಸೀಲುಗಳನ್ನೂ ಇಟ್ಟು ಹೋದಳು. ಸ್ಟೇರಿಂಗು ಒಂದೇ ಬೆರಳಿಗೆ ತಿರುಗುತ್ತಿತ್ತು.

ಮಳೆಗಾಲ ಕಳೆದು ಮತ್ತೆ ಪ್ರವಾಸಿಗರು ಬರುವ ಹೊತ್ತಿಗೆ ಸೀಲು ಬದಲಿಸಬೇಕಾಯಿತು. ಗುರುನಾಥ ಹೆಂಡತಿಗೆ ಹೇಳಲಿಲ್ಲ. ತಾನೇ ಕುಳಿತು, ಗೆಳೆಯ ಪರಶುವಿನಿಂದ ನಾಝಲ್ ಹಿಡಿಸಿಕೊಂಡು ಸೀಲು ಹಾಕಿದ. ಬೋಟು ನೀರಿಗಿಳಿದ ಮೊದಲ ದಿನವೇ ತಳ ತುಂಬಿತು. ಯಾರನ್ನೂ ಹತ್ತಿಸದೆ ಅವನು ತಿರುಗಿ ದಂಡೆಗೆ ತಂದ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಪರಶುವಿನ ಬಾಯಿಂದ ಸುದ್ದಿ ಅನ್ನಪೂರ್ಣಾಳಿಗೆ ಮೊದಲೇ ಮುಟ್ಟಿತ್ತು.

“ನಾ ಒಮ್ಮೆ ನೋಡ್ಲೇನ್ರಿ?”

ಅವನು ಎದ್ದು ಕುಳಿತ. “ಏನ್ ನೋಡ್ತಿ? ಆಕಿ ಒಮ್ಮೆ ಹೊಗಳಿದ್ಲಂತ ಮೆಕ್ಯಾನಿಕ್ ಆಗಿಬಿಟ್ಟಿ ಏನ?”

ಅನ್ನಪೂರ್ಣಾ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ.

“ನನಗ ಆಕೀ ಮ್ಯಾಲೆ ಹೊಟ್ಟಿಕಿಚ್ಚ ಇತ್ರಿ,” ಎಂದಳು. “ಮೊದಲ ನಿಮ್ಮ ಸಲುವಾಗಿ ಅನ್ಕೊಂಡಿದ್ದೆ. ಆ ನಾಝಲ್ ಹಿಡದ ಮ್ಯಾಲೆ ತಿಳೀತು, ನಿಮ್ಮ ಸಲುವಾಗಿ ಅಲ್ಲಂತ. ಆಕೀಗೆ ಅಷ್ಟು ಬರ್ತೈತಿ, ನನಗೇನೂ ಬರೂದಿಲ್ಲ, ಅದು ಸುಡಾಕ ಹತ್ತಿತ್ತು. ಆಮ್ಯಾಲೆ ನಿಮ್ಮ ಮ್ಯಾಲೂ ಆತು. ಆಕಿ ನಿಮಗ ಕಲಸಾಕ ಹತ್ತಿದ್ಲಲ್ಲ, ಅದಕ್ಕ.”

ಗುರುನಾಥ ತಲೆ ತಗ್ಗಿಸಿ ಉಗುರಿನ ಸಂದಿಯ ಗ್ರೀಸು ಕೆರೆದ.

“ನನಗೂ ಆತು,” ಎಂದ. “ನಿನ್ನ ಕೈ ಹಗರ ಅಂದ್ಲಲ್ಲ, ಅವತ್ತ.”

ಮರುದಿನ ಬೆಳಿಗ್ಗೆ ಇಬ್ಬರೂ ದಂಡೆಗೆ ಹೋದರು. ಅವನು ನಾಝಲ್ ಬಿಚ್ಚಿದ, ಶಾಫ್ಟು ಎಳೆದ. ಅವಳು ಕೊಕ್ಕೆಯಿಂದ ಸೀಲನ್ನು ಮೆಲ್ಲಗೆ ಹೊರತೆಗೆದಳು. ತುಟಿಯ ಮುಖ ಬೋಟಿನ ಒಳಗಡೆ ಇತ್ತು. ಅವನೂ ನೋಡಿದ, ಅವಳೂ ನೋಡಿದಳು. ಅನ್ನಪೂರ್ಣಾ ಅದನ್ನು ಒರೆಸಿ ಬದಿಗಿಟ್ಟು, “ಇನ್ನೊಂದು ಜೋಡಿ ಎಲ್ಲೈತ್ರಿ?” ಎಂದಷ್ಟೇ ಕೇಳಿದಳು. ಅವನು ತಂದುಕೊಟ್ಟ. ಅವಳು ಗ್ರೀಸು ಸವರಿ ಕೂರಿಸಿದಳು.

ಅಂದು ಬೋಟು ಅಣೆಕಟ್ಟೆಯ ಹತ್ತಿರದವರೆಗೆ ಹೋಗಿ ಬಂತು. ತಳ ಒಣಗಿಯೇ ಇತ್ತು. ಈಗ ಸೀಲಿನ ಕೆಲಸ ಅವಳದು, ನಾಝಲ್ ಎತ್ತುವುದು ಅವನದು.

ಹೊಟ್ಟೆಕಿಚ್ಚು ಪೂರ್ತಿ ಆರಿತೆಂದು ಹೇಳಲಾಗದು. ಮೊನ್ನೆ ಯಾವ ಗ್ರೀಸು ನೀರಿಗೆ ತಾಳುತ್ತದೆಂದು ಕೇಳಲು ಅನ್ನಪೂರ್ಣಾ ಶೀತಲ್‌ಗೆ ಫೋನು ಮಾಡಿದಳು. ನಡುವೆ ಗುರುನಾಥ ಫೋನು ಇಸಿದುಕೊಂಡು ಏನೋ ಹೇಳಿ ಜೋರಾಗಿ ನಕ್ಕ. ಅತ್ತಲಿಂದಲೂ ನಗು ಕೇಳಿಸಿತು.

“ನಕ್ಕದ್ದ ಸಾಕು, ಇಲ್ಲಿ ಕೊಡ್ರಿ,” ಎಂದು ಅನ್ನಪೂರ್ಣಾ ಫೋನು ಕಸಿದುಕೊಂಡಳು. “ಹಾಂ ಶೀತಲ್, ಗ್ರೀಸಿಂದು ಹೇಳವಾ.”