ಸತ್ತ ಮರಿಯ ನಂಬರಿನಲ್ಲಿ ಬಾಳಿದವನು

ನಾನೊಂದು ಹೋತ. ಬಾಗಲಕೋಟೆ ಕಡೆಯ ಒಂದು ಆಡಿನ ಫಾರ್ಮಿನಲ್ಲಿ ಹುಟ್ಟಿದೆ. ನನ್ನವ್ವ ಕಪ್ಪು ಮೈಯ ಜವಾರಿ ಆಡು, ಈ ನೆಲದ್ದೇ ನಾಟಿ ತಳಿ. ಅಪ್ಪ ಆಫ್ರಿಕಾ ಮೂಲದ ಬೋಯರ್ ತಳಿಯವನು; ಅವನ ಹಿರೀಕರು ವಿಮಾನದಲ್ಲಿ ಬಂದಿಳಿದವರು ಎಂದು ಫಾರ್ಮಿನ ಧಣಿ ಸಿದ್ಧನಗೌಡರು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಅಪ್ಪನ ಬಿಳಿ ಮೈ, ಕೆಂಪು ತಲೆ, ಜೋಲುಕಿವಿ ಬಂದಿದ್ದವು.

ನನಗೆ ಮೂರು ತಿಂಗಳಾದಾಗ ನನ್ನದೇ ವಯಸ್ಸಿನ, ಪೂರ್ತಿ ಬೋಯರ್ ರಕ್ತದ ಮರಿಯೊಂದು ಹೊಟ್ಟೆಯುಬ್ಬರದಿಂದ ಸತ್ತಿತು. ಗೌಡರು ಅದರ ನಂಬರಿನ ಹಳದಿ ಬಿಲ್ಲೆಯನ್ನು ನನ್ನ ಕಿವಿಗೆ ಚುಚ್ಚಿಸಿದರು. ಅಂದಿನಿಂದ ನನಗೆ ಬೇರೆ ದೊಡ್ಡಿ, ಬೇರೆ ಮೇವು, ನೆನೆಸಿದ ಶೇಂಗಾ ಹಿಂಡಿ. ಗಿರಾಕಿಗಳು ಬಂದಾಗ ಅವ್ವನನ್ನು ಹಿಂದಿನ ಕೋಣೆಗೆ ತಳ್ಳಿ ಬಾಗಿಲು ಹಾಕುತ್ತಿದ್ದರು. ಅವಳು ಒಳಗಿನಿಂದ ಕೂಗುತ್ತಿದ್ದಳು. ನಾನು ಹಿಂಡಿಯಲ್ಲಿ ಮೂತಿಯಿಟ್ಟು ಸುಮ್ಮನಿರುತ್ತಿದ್ದೆ. ಒಮ್ಮೆಯೂ ಓಗೊಡಲಿಲ್ಲ.

ನನ್ನನ್ನು ಕೊಂಡವಳು ಫಕೀರವ್ವ. ಗಂಡ ತೀರಿಕೊಂಡ ಮೇಲೆ ಹನ್ನೆರಡು ಜವಾರಿ ಆಡು ಮೇಯಿಸಿಕೊಂಡು ಬದುಕಿದ್ದವಳು. ಅದರಲ್ಲಿ ನಾಲ್ಕನ್ನು ಮಾರಿ ನನ್ನನ್ನು ತಂದಳು. ಊರವರು ನೋಡಲು ಬಂದರು.

"ಏನ್ ಗತ್ತಬೇ ಇವಂದು! ಥೇಟ್ ಸಾಹೇಬ ಆಗ್ಯಾನ," ಎಂದರು.

ನಾನು ಎದೆ ಮುಂದೆ ಮಾಡಿ ನಿಂತೆ. ಜವಾರಿ ಆಡುಗಳು ನನ್ನ ಮೇವಿನ ಬಾನಿಗೆ ಬಾಯಿ ಹಾಕಿದರೆ ಕೋಡಿನಿಂದ ಗುದ್ದುತ್ತಿದ್ದೆ. ನನಗೆ ಹುಟ್ಟಿದ ಮರಿಗಳಿಗೆ ಮುಂಗಡವಾಗಿಯೇ ಬೇಡಿಕೆ ಬಂತು. ಅವುಗಳಲ್ಲಿ ಒಂದು ಗಂಡುಮರಿಯನ್ನು ಪಕ್ಕದ ಊರಿನ ದಾವಲಸಾಬ ದುಡ್ಡು ಕೊಟ್ಟು ಒಯ್ದ. ಅದು ಬೆಳೆದ ಮೇಲೆ, ತನ್ನ ಹತ್ತಿರ ವಿದೇಶಿ ಹೋತನ ಮಗನಿದ್ದಾನೆಂದು ಹೇಳಿ ಒಳ್ಳೆಯ ತಳಿಯ ಮರಿಗಾಗಿ ಅದನ್ನು ಊರವರ ಆಡುಗಳಿಗೆಲ್ಲ ಬಿಡತೊಡಗಿದ.

ಎರಡು ವರ್ಷದ ಮೇಲೆ ಲಸಿಕೆ ಹಾಕಲು ಪಶುವೈದ್ಯರು ಬಂದರು. ನನ್ನ ಕಿವಿ ಹಿಡಿದು ನಂಬರು ಓದಿದರು. ಮತ್ತೊಮ್ಮೆ ಓದಿದರು.

"ಅವ್ವಾ, ಇದನ್ನ ಸಿದ್ಧನಗೌಡ್ರ ಕಡಿಂದ ತಂದೀರೇನು? ಈ ನಂಬರಿನ ಮರಿ ಆವಾಗ್ಲೇ ಸತ್ತೈತಿ. ನಾನ ಕೊಯ್ದು ನೋಡೀನಿ. ಇದರ ಕೋಡು, ಮೂಗು ನೋಡಿದ್ರ ಜವಾರಿ ಕೂಡಿದ್ದ ಕಾಣತೈತಿ. ಅರ್ಧ ರಕ್ತದ್ದು."

ನಾನು ಫಕೀರವ್ವನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದೆ.

ಮರುದಿನ ಬೆಳಗ್ಗೆ ಅವಳು ನನ್ನನ್ನೂ ಎರಡು ಕಪ್ಪು ಆಡುಗಳನ್ನೂ ಹೊಡೆದುಕೊಂಡು ದಾವಲಸಾಬನ ಮನೆಗೆ ಹೋದಳು. ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು. ಅವರೆದುರಿಗೇ ಇದ್ದದ್ದನ್ನು ಇದ್ದಂತೆ ಹೇಳಿದಳು.

ದಾವಲಸಾಬನ ಮುಖ ಕೆಂಪಾಯಿತು. "ಊರ ಮಂದಿ ಮುಂದ ನನ್ನ ಮಾರಿ ತೋರ್ಸದಂಗ ಮಾಡಿದೆಲ್ಲಕ್ಕಾ! ಸುಮ್ಮ ಇದ್ದಿದ್ರ ಯಾರಿಗೆ ಗೊತ್ತಾಗತಿತ್ತು?"

"ನನಗ ಗೊತ್ತಾಗಿತ್ತಲ್ಲೋ ತಮ್ಮಾ. ನಿನ್ನಿ ರಾತ್ರಿ ಉಂಡ ಅನ್ನ ಒಳಗ ಇಳೀಲಿಲ್ಲ," ಎಂದಳು ಫಕೀರವ್ವ. "ಈ ಎರಡು ಆಡು ಇಟ್ಕೊ. ಅವು ಏನದಾವೋ ಹಂಗ ಕಾಣತಾವು."

ಅವನು ಬೇಡವೆನ್ನಲಿ ಎಂದು ನಾನು ಆಸೆಪಟ್ಟೆ. ಅವನು ಎದ್ದು ಬಂದು ಎರಡನ್ನೂ ಗೂಟಕ್ಕೆ ಕಟ್ಟಿದ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅವಳು ನನಗೆ ಒಂದು ಏಟೂ ಹಾಕಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಹಳ್ಳದ ದಂಡೆಯಲ್ಲಿ ನಿಂತು, ಜಾಲಿಯ ಟೊಂಗೆ ಬಗ್ಗಿಸಿ, "ತಿನ್ನೋ. ಮುಂಜಾನಿಂದ ಉಪಾಸ ಅದಿ," ಎಂದಳು. ಅವಳು ಬಡಿದಿದ್ದರೆ ಆ ದಾರಿಯನ್ನು ತಡೆದುಕೊಳ್ಳುತ್ತಿದ್ದೆ.

ಮೋಸದ ಬಗ್ಗೆ ಕೇಳಲೆಂದು ಗೌಡರ ಫಾರ್ಮಿಗೆ ಎರಡು ಸಲ ಹೋದಳು. ಎರಡೂ ಸಲ ಗೇಟು ತೆರೆಯಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಮೊಣಕಾಲು ಬಾತಿವೆ. ಒಮ್ಮೊಮ್ಮೆ ಹೊರಗಿನವರು ಆಡು ಹೊಡೆದುಕೊಂಡು ಬಂದು, "ಇದು ಅಸಲಿ ಬೋಯರ್ ಹೌದಲ್ರೀ?" ಎಂದು ಕೇಳುತ್ತಾರೆ.

"ಅಲ್ರೀ, ಅರ್ಧ ಜವಾರಿ," ಎನ್ನುತ್ತಾಳೆ ಫಕೀರವ್ವ. ಕೆಲವರು ಹಾಗೇ ತಿರುಗುತ್ತಾರೆ. ಕೆಲವರು ಉಳಿಯುತ್ತಾರೆ.

ಅರ್ಧ ಜವಾರಿ ಎಂಬ ಮಾತು ಈಗ ನನಗೆ ಚುಚ್ಚುವುದಿಲ್ಲ. ಆ ಒಂದು ಮಾತು ಹೇಳಲು ಅವಳು ತನ್ನೆರಡು ಆಡುಗಳನ್ನು ಕಳೆದುಕೊಂಡಳು. ನಾನು ಎರಡು ವರ್ಷ ಅವಳ ಕೈಯ ಮೇವು ತಿಂದು ದೊಡ್ಡವನಂತೆ ನಿಂತಿದ್ದೆ. ಅದಕ್ಕೇ ಅವಳು ಬಾನಿ ತುಂಬಿಸಿ ಹೋಗುವವರೆಗೆ ನಾನು ತಲೆ ಎತ್ತುವುದಿಲ್ಲ.