ಬಕೀಟು ಯಾರ ಮುಂದೆ

ತಪ್ಪು ತನ್ನ ಕಣ್ಣಿನದೇ ಇರಬಹುದು. ಬಕೀಟು ಸುತ್ತುತ್ತಲೇ ಇರುತ್ತದೆ, ಸುತ್ತುವಾಗ ಯಾರಾದರೊಬ್ಬರ ಮುಂದೆ ನಿಲ್ಲಲೇಬೇಕಲ್ಲ, ತನ್ನ ಮುಂದೆ ನಿಂತದ್ದಷ್ಟೇ ತನಗೆ ನೆನಪಿರುತ್ತದೆ, ಉಳಿದವರ ಮುಂದೆ ನಿಂತದ್ದು ಮರೆತುಹೋಗುತ್ತದೆ, ಅಷ್ಟೇ. ಹಾಗಂದುಕೊಂಡು ಹಾಲೇಶ ಕಣ್ಣು ಮುಚ್ಚಿ ಕುಳಿತ. ಚಪ್ಪಲಿಯ ಸಪ್ಪಳ ಹತ್ತಿರ ಬಂತು. ತಗಡು ನೆಲಕ್ಕೆ ತಾಗಿದ ಸದ್ದು. ಕಣ್ಣು ತೆರೆಯುವ ಮೊದಲೇ ಮೂಗಿಗೆ ಗೊತ್ತಾಗಿತ್ತು.

ಮಾಸೂರಿನಾಚೆ, ಮದಗದ ಕೆರೆಯ ನೀರು ಹರಿಯುವ ಹೊಲಗಳ ಅಂಚಿನಲ್ಲಿ ಇದ್ದ ಆ ಜಾಗಕ್ಕೆ ನೆಲಬಳಗ ಎಂದು ಹೆಸರು. ಮಣ್ಣಿನ ಮನೆಗಳು, ಬಿಸಿಲಿನ ದೀಪಗಳು, ತಾವೇ ಬೆಳೆದ ನವಣೆಯ ಅನ್ನ. ನಿಸರ್ಗಕ್ಕೆ ಭಾರವಾಗದಂತೆ ಬದುಕುವುದನ್ನು ಕಲಿಯಲು ದೂರದ ಊರುಗಳಿಂದ ಹುಡುಗ ಹುಡುಗಿಯರು ಅಲ್ಲಿಗೆ ಇಂಟರ್ನ್‌ಗಳಾಗಿ ಬರುತ್ತಿದ್ದರು. ಹಾಲೇಶ ಬಂದದ್ದು ಅದೇ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ತಡಸದಿಂದ. ಡಿಗ್ರಿ ಮುಗಿಸಿದ್ದ. ಚೆನ್ನಾಗಿ ಕಲಿತವನನ್ನು ಶಾಲೆಯ ಮಕ್ಕಳಿಗೆ ಪಾಠ ಹೇಳಲು ಅಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಕಟ್ಟಿದವರು ಹೇಳಿದ್ದರು. ಆ ಮಾತಿಗಾಗಿಯೇ ಅವನು ಅಲ್ಲಿ ಉಳಿದಿದ್ದ.

ನೆಲಬಳಗವನ್ನು ಕಟ್ಟಿದವರು ಧಾರವಾಡದ ಗುರುರಾಜರು. ಸರ್ ಅನ್ನುವಂತಿರಲಿಲ್ಲ, ಎಲ್ಲರೂ ಗುರುರಾಜಣ್ಣ ಎನ್ನಬೇಕು. ಮನೆತನದ ಅಡ್ಡಹೆಸರು ಹೇಳುವಂತಿರಲಿಲ್ಲ. ಬಂದ ದಿನ ಅವರು ಹಾಲೇಶನ ಹೆಗಲ ಮೇಲೆ ಕೈಯಿಟ್ಟು, "ಇಲ್ಲೆ ಯಾರೂ ಯಾರ ಜಾತಿ ಕೇಳಂಗಿಲ್ಲಪಾ. ನೆಲಕ್ಕ ಜಾತಿ ಅದ ಏನು?" ಎಂದಿದ್ದರು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ, ಜಾಗ ಕೊಟ್ಟ ಚನವೀರಗೌಡ ಅವನನ್ನು ಬಾವಿಯ ಹತ್ತಿರ ತಡೆದಿದ್ದ. ಕೆಲಸದ ಮೇಲುಸ್ತುವಾರಿ ಗೌಡನದೇ.

"ತಡಸ ಅಂದೆಲ್ಲ, ಅಲ್ಲೆ ನಮ್ಮ ಬೀಗರ ಮನಿ ಐತಿ. ನೀ ಯಾರ ಪೈಕಿ?"

"ನಾ ಹಾಲೇಶ ರೀ."

"ಹೆಸರ ಕೇಳಿಲ್ಲೋ ತಮ್ಮಾ. ಪೈಕಿ ಯಾರದು ಅಂದೆ."

ಹಾಲೇಶ ಕೊಡ ಇಳಿಬಿಟ್ಟು ನೀರು ಸೇದತೊಡಗಿದ. ಗೌಡ ಒಂದಿಷ್ಟು ಹೊತ್ತು ನಿಂತು, ನಕ್ಕು, ಜೇಬಿನಿಂದ ಮೊಬೈಲು ತೆಗೆಯುತ್ತ ಹೋಗಿದ್ದ.

ನೆಲಬಳಗದಲ್ಲಿ ಬೆಳಗಿನ ಗಂಟೆ ಬಾರಿಸುವ ತನಕ ಯಾರೂ ಮಾತಾಡುವಂತಿರಲಿಲ್ಲ. ಅಂಗಳದಲ್ಲಿ ದುಂಡಗೆ ಕೂತು ಕಣ್ಣು ಮುಚ್ಚಬೇಕು. ಆಗ ಗೌಡ ಒಬ್ಬೊಬ್ಬರ ಮುಂದೆ ಒಂದೊಂದು ಸಾಮಾನು ಇಟ್ಟು ಹೋಗುತ್ತಿದ್ದ. ಕುಡುಗೋಲು ಇಟ್ಟರೆ ಹುಲ್ಲು, ಮೊರ ಇಟ್ಟರೆ ಅಡುಗೆಮನೆ, ಬೀಜದ ಬುಟ್ಟಿ ಇಟ್ಟರೆ ಸಸಿಮಡಿ. ಮುಂದೆ ಬಂದದ್ದೇ ಆ ದಿನದ ಕೆಲಸ. ಕೇಳುವಂತಿಲ್ಲ, ಒಲ್ಲೆ ಅನ್ನುವಂತಿಲ್ಲ. ಗುರುರಾಜಣ್ಣನ ಮುಂದೆ ಮಾತ್ರ ಸಾಮಾನು ಇರುತ್ತಿರಲಿಲ್ಲ, ಹಿತ್ತಾಳೆಯ ಗಂಟೆ ಇರುತ್ತಿತ್ತು. ಅದನ್ನು ಅವರು ಬಾರಿಸಿದ ಮೇಲೆಯೇ ಮೌನ ಮುಗಿಯುವುದು. "ಇಲ್ಲೆ ಯಾರೂ ಯಾರಿಗೂ ಹುಕುಂ ಮಾಡಂಗಿಲ್ಲ, ಕೆಲಸನ ನಮ್ಮನ್ನ ಹುಡುಕ್ಕೊಂಡು ಬರ್ತದ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ತಗಡಿನ ಬಕೀಟು ಬಂದರೆ ಪಾಯಖಾನೆ. ಅಲ್ಲಿಯ ಪಾಯಖಾನೆಗಳಿಗೆ ನೀರಿಲ್ಲ. ಕೂತು ಎದ್ದವರು ಒಂದು ಬೊಗಸೆ ಬೂದಿ ಸುರಿದು ಬರುತ್ತಾರೆ. ಕೆಳಗಿನ ಡ್ರಮ್ಮು ತುಂಬಿದಾಗ ಬಳಿದು, ಬೇವಿನ ಮರದ ಹಿಂದಿನ ಗುಂಡಿಗೆ ಹೊತ್ತು ಹಾಕಿ, ಮೇಲೆ ಎಲೆ ಮುಚ್ಚಿ ಗೊಬ್ಬರ ಮಾಡಬೇಕು. ಕೂಲಿಯವರಿಂದ ಈ ಕೆಲಸ ಮಾಡಿಸುವುದಿಲ್ಲ, ನಮ್ಮದನ್ನು ನಾವೇ ತೆಗೆಯುತ್ತೇವೆ ಎಂಬುದು ನೆಲಬಳಗದ ದೊಡ್ಡ ಹೆಮ್ಮೆ. ಮೊದಮೊದಲು ಬಕೀಟು ಎಲ್ಲರ ಮುಂದೆಯೂ ಸುತ್ತಿತ್ತು. ಬಾವಿಯ ಹತ್ತಿರದ ಆ ಸಂಜೆಯಾದ ಮೇಲೆ ಸುತ್ತುವುದು ನಿಂತಿತು.

ಬೆಂಗಳೂರಿನಿಂದ ಬಂದ ತನ್ವಿ ಒಳ್ಳೆಯ ಹುಡುಗಿ. ಹಾಲೇಶ ಬಕೀಟು ಹೊತ್ತು ಬರುವಾಗ ಅವಳು ಸಸಿಮಡಿಯಿಂದ ತಲೆಯೆತ್ತಿ, "ನಿಂಗೆ ಇದೆಲ್ಲ ಎಷ್ಟು ಸಲೀಸಾಗಿ ಬರುತ್ತೆ ಅಲ್ವಾ! ನಂಗೆ ವಾಂತಿ ಬಂದ್ಬಿಡ್ತು ಗೊತ್ತಾ ಅವತ್ತು" ಎಂದಳು. ಹಾಲೇಶ ನಕ್ಕ. ಯಾಕೆ ನಕ್ಕೆನೆಂದು ಗುಂಡಿಯ ಹತ್ತಿರ ನಿಂತು ಬಹಳ ಹೊತ್ತು ಯೋಚಿಸಿದ.

ಅವನ ಅಪ್ಪ ಮೈಲಾರಪ್ಪ ಹರೆಯದಲ್ಲಿ ತಡಸದ ಮನೆಗಳ ಹಿತ್ತಲ ಪಾಯಖಾನೆಯ ಗುಂಡಿಗಳಿಗೆ ಹಗ್ಗ ಕಟ್ಟಿಕೊಂಡು ಇಳಿದವನು. ಮನೆಯವರೆಲ್ಲ ಬೌದ್ಧರಾದ ದಿನ ಆ ಹಗ್ಗವನ್ನು ಒಲೆಗೆ ತುರುಕಿ, ಅದರ ಉರಿಯಲ್ಲೇ ಚಹಾ ಕಾಯಿಸಿ, ಹೆಂಡತಿಗೂ ಮಗನಿಗೂ ಕುಡಿಸಿದ್ದ. ಚಹಾ ಹೊಗೆ ಹೊಗೆ ನಾರುತ್ತಿತ್ತು. ಈಗ ಫೋನಿನಲ್ಲಿ ಅಪ್ಪ, "ಅಲ್ಲೇನ ಮಾಡಾಕತ್ತೀಪಾ?" ಎಂದರೆ ಹಾಲೇಶ, "ಗಿಡಾ ಹಚ್ಚಾಕತ್ತೇನಿ" ಎನ್ನುತ್ತಿದ್ದ.

ಗುಂಡಿಯ ಪಕ್ಕದ ಮಡಿಯಲ್ಲಿ ಕಳೆ ತೆಗೆಯುವ ಕೂಲಿ ಹೆಂಗಸರಲ್ಲಿ ಉಡಚವ್ವನ ಬಾಯಿ ದೊಡ್ಡದು.

"ಏನೋ ಸಾಲಿ ಮಾಸ್ತರಾ, ಇವತ್ತೂ ನಿಂದ ಪಾಳಿ ಏನ?"

"ಪಾಳಿ ಅಂತೇನಿಲ್ಲಬೇ. ಬಂದಿದ್ದನ್ನ ಮಾಡೋದು."

"ನಿನಗ ಬರೀ ಅದ ಬರತೈತಿ? ಆ ಬೆಂಗಳೂರ ಹುಡಿಗಿಗೆ ಬೀಜಾ ಬರತೈತಿ, ನಿನಗ ಹೇಲು ಬರತೈತಿ. ಭಾಳ ಶ್ಯಾಣೇ ಬಕೀಟ ಅದು, ಯಾರ ಮನಿ ಎಲ್ಲೈತಿ ಅಂತ ಬರೋಬ್ಬರಿ ಗೊತ್ತೈತಿ ಅದಕ್ಕ."

ಹೆಂಗಸರು ನಕ್ಕರು. ಹಾಲೇಶ, "ಗುರುರಾಜಣ್ಣಾರು ಇದು ಹೊಲಸಲ್ಲ, ಬಂಗಾರ ಅಂತಾರ" ಎಂದ. ಹೇಳುವಾಗಲೇ ಅವನಿಗೆ ನಾಚಿಕೆಯಾಯಿತು.

"ಬಂಗಾರಾಗಿದ್ರ ಗೌಡ ನಿನ್ನ ಕೈಯಾಗ ಕೊಡತಿದ್ನೇನಲೇ ಹುಚ್ಚಪ್ಪಾ? ಕೊಳ್ಳಾಗ ಹಾಕ್ಕೊಂಡ ಬೀಗರ ಮನಿಗೆ ಹೊಕ್ಕಿದ್ದ!"

ಮರುದಿನ ಹಾಲೇಶ ಗುರುರಾಜಣ್ಣನ ಜಗುಲಿಗೆ ಹೋದ. ಅವರು ತಂಬಿಗೆಯಲ್ಲಿ ಕಷಾಯ ಕುಡಿಯುತ್ತ ಕೂತಿದ್ದರು.

"ಅಣ್ಣಾರ, ಬಕೀಟ ದಿನಾ ನನಗ ಬರಾಕತ್ತೈತ್ರಿ."

"ಬರಲಿ ಬಿಡಪಾ. ಅಹಂಕಾರ ಕರಗೋದು ಅಲ್ಲೇ ನೋಡು."

"ಉಳಿದಾವರದು ಕರಗೋದು ಬ್ಯಾಡೇನ್ರಿ?"

ಅವರು ನಕ್ಕರು. ಪ್ರೀತಿಯಿಂದಲೇ ನಕ್ಕರು. "ನೋಡು ಹಾಲೇಶ, ಅವರಿಗೆ ಅಸಹ್ಯ ಆಗ್ತದ. ನಿನಗ ಆಗೂದಿಲ್ಲ. ಅದು ಸಣ್ಣ ಮಾತಲ್ಲ. ನಿಮ್ಮ ಜನಕ್ಕ ಅದು ರಕ್ತದಾಗ ಬಂದಿರ್ತದ."

"ನಮ್ಮ ಜನ ಅಂದ್ರ ಯಾರ್ರಿ?"

ಗುರುರಾಜಣ್ಣ ತಂಬಿಗೆ ಕೆಳಗಿಟ್ಟರು. ಎದುರಿನ ನುಗ್ಗೆ ಗಿಡದಲ್ಲಿ ಏನನ್ನೋ ಹುಡುಕಿದರು.

"ಹಳ್ಳಿಯವರು ಅಂದೆ" ಎಂದರು ಕೊನೆಗೆ. ಆಮೇಲೆ ಏನೋ ನೆನಪಾದವರಂತೆ, "ಶುಕ್ರವಾರ ಶಾಲಿ ಮಕ್ಕಳು ಬರ್ತಾರ. ಮಣ್ಣಿನ ಪಾಠ ನೀನ ಹೇಳು" ಎಂದರು.

ಅಷ್ಟು ಸಾಕಾಗಿತ್ತು. ಹಾಲೇಶ ಕೆರೆಯ ಏರಿಯ ಮೇಲೆ ಓಡಾಡುತ್ತ ಕಲ್ಲುಗಳಿಗೂ ಕೊಕ್ಕರೆಗಳಿಗೂ ಪಾಠ ಹೇಳಿದ. ಕೈಗೆ ಮಣ್ಣು ತೆಗೆದುಕೊಂಡು ಹೇಗೆ ಶುರು ಮಾಡುವುದು, ಎಲ್ಲಿ ನಗಿಸುವುದು, ಎಲ್ಲಿ ಸುಮ್ಮನಾಗುವುದು, ಎಲ್ಲವನ್ನೂ ಗೊತ್ತು ಮಾಡಿಕೊಂಡ. ಅಂಗಿಯನ್ನು ಒಗೆದು, ಮಡಚಿ, ಹಾಸಿಗೆಯ ಕೆಳಗೆ ಇಸ್ತ್ರಿಗಿಟ್ಟ.

ಶುಕ್ರವಾರ ಮಕ್ಕಳು ಹೊತ್ತಿಗೆ ಮೊದಲೇ ಬಂದರು. ಬೆಳಗಿನ ಮೌನವನ್ನು ಅವರೂ ನೋಡಲಿ ಎಂದು ಅಂಗಳದ ಸುತ್ತ ಕೂರಿಸಿದ್ದರು. ಕೂಲಿ ಹೆಂಗಸರು ಬೇಲಿಯ ಹತ್ತಿರ ನಿಂತಿದ್ದರು. ಎಲ್ಲರೂ ಕಣ್ಣು ಮುಚ್ಚಿದರು. ಹಾಲೇಶ ಇಸ್ತ್ರಿಯ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಚಪ್ಪಲಿಯ ಸಪ್ಪಳ ಬಂತು, ನಿಂತಿತು. ತಗಡು ನೆಲಕ್ಕೆ ತಾಗಿತು.

ಅವನು ಕಣ್ಣು ತೆರೆದ. ಬೀಜದ ಬುಟ್ಟಿ, ಮಣ್ಣಿನ ತಟ್ಟೆ, ಮಕ್ಕಳಿಗೆ ತೋರಿಸಲೆಂದು ಅವನೇ ಆರಿಸಿಟ್ಟ ಎರೆಹುಳುವಿನ ಡಬ್ಬಿ, ಮೂರೂ ತನ್ವಿಯ ಮುಂದೆ ಇದ್ದವು. ಅವಳೂ ಕಣ್ಣು ತೆರೆದು ಅವನ್ನು ನೋಡಿದಳು. ಹಾಲೇಶನನ್ನು ನೋಡಿದಳು. ಮತ್ತೆ ಕಣ್ಣು ಮುಚ್ಚಿಕೊಂಡಳು.

ಮುಂದಿನ ಸಾಲಿನ ಮಗುವೊಂದು ಮೂಗು ಮುಚ್ಚಿ ಕಿಸಕ್ಕೆಂದಿತು.

ಹಾಲೇಶ ಎದ್ದ. ಬಕೀಟನ್ನು ಎತ್ತಿದ. ಅದರ ಹಿಡಿಕೆ ಕಿರ್ರೆಂದಿತು. ದುಂಡಾಗಿ ಕೂತವರ ನಡುವೆ ನಡೆದುಹೋಗಿ, ಕಣ್ಣು ಮುಚ್ಚಿ ಕೂತ ಗುರುರಾಜಣ್ಣನ ಮುಂದೆ, ಅವರ ಬಿಳಿ ಪಂಚೆಗೆ ತಾಗುವಷ್ಟು ಹತ್ತಿರ ಇಟ್ಟ. ಅಲ್ಲಿದ್ದ ಗಂಟೆಯನ್ನು ತೆಗೆದುಕೊಂಡ. ಅದರ ನಾಲಿಗೆ ಅಲುಗದಂತೆ ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ಮಕ್ಕಳ ನಡುವೆ ಹೋಗಿ ಕೂತ.

ಗುರುರಾಜಣ್ಣ ಮೂಗರಳಿಸಿದರು. ಕಣ್ಣು ತೆರೆದರು. ಕೈ ತಾನಾಗಿಯೇ ಗಂಟೆ ಇರುವ ಕಡೆ ಹೋಯಿತು. ಗಂಟೆ ಇರಲಿಲ್ಲ. ಅತ್ತಿತ್ತ ನೋಡಿದರು, ಅದು ಹಾಲೇಶನ ಕೈಯಲ್ಲಿತ್ತು. ಕೊಡು ಎಂದು ಕೈ ಸನ್ನೆ ಮಾಡಿದರು. ಹಾಲೇಶ ಬಕೀಟಿನ ಕಡೆ ನೋಡಿದ. ಅವರು ಮತ್ತೆ ಸನ್ನೆ ಮಾಡಿದರು. ಅವನು ಮತ್ತೆ ಬಕೀಟಿನ ಕಡೆಯೇ ನೋಡಿದ. ಗಂಟೆ ಬಾರಿಸದೆ ಅವರೂ ಬಾಯಿ ತೆರೆಯುವಂತಿರಲಿಲ್ಲ. ಕಟ್ಟಳೆ ಅವರದೇ.

ಮೊದಲು ಬಾಯಿ ಬಿಟ್ಟವನು ಗೌಡ.

"ಏ ಸೂಳಿಮಗನ! ಎತ್ತೋ ಅದನ್ನ! ಯಾರ ಮುಂದ ಏನ ಇಡಬೇಕು ಅನ್ನೂ ಖಬರ ಐತೇನೋ ನಿನಗ? ನಿಮ್ಮಪ್ಪ ತಡಸದಾಗ ಊರ ಮಂದೀದ ಬಳದು ಹೊಟ್ಟಿ ಹೊರದಾನ, ನಿನಗೇನ ಧಾಡಿ ಬಂದೈತಿ? ಕೇರ್ಯಾಗ ಹುಟ್ಟಿದಾವ ಕೇರ್ಯಾವನಂಗ ಇರಬೇಕಲೇ!"

ಮಕ್ಕಳು ಗೌಡನ ಬಾಯನ್ನು ನೋಡುತ್ತಿದ್ದರು.

ಗುರುರಾಜಣ್ಣನ ಮುಖ ಕೆಂಪಾಯಿತು. "ಗೌಡ್ರ" ಎಂದರು, ಮೆಲ್ಲಗೆ. "ಮೌನದ ಹೊತ್ತು, ಗೌಡ್ರ."

ಬೇಲಿಯ ಹತ್ತಿರ ಯಾರೋ ಫಕ್ಕನೆ ನಕ್ಕರು. ಉಡಚವ್ವ. ನಗುತ್ತಲೇ ಅಂಗಳಕ್ಕೆ ಬಂದಳು. ಕಳೆ ತೆಗೆಯುವ ಕುರ್ಚಿಗಿಯನ್ನು ಬಕೀಟಿನ ಪಕ್ಕ ಗುರುರಾಜಣ್ಣನ ಮುಂದೆ ಇಟ್ಟು, "ಇದೂ ಇರ್ಲಿರೀ ಅಣ್ಣಾರ, ಕೆಲಸ ಹುಡುಕ್ಕೊಂಡು ಬಂದೈತಿ" ಎಂದಳು. ಹಾಲೇಶನ ಹತ್ತಿರ ಹೋಗಿ, ಸೀರೆ ಮಡಚಿ, ನೆಲಕ್ಕೆ ಕೂತಳು. ಅವಳ ಹಿಂದೆ ಕೂಲಿಯ ರಹಿಮಾಬಿ ಬಂದಳು. ಇನ್ನೊಂದು ಕುರ್ಚಿಗಿ ಬಿತ್ತು. ಆಮೇಲೆ ಇನ್ನೊಂದು.

ಬಿಸಿಲು ಏರಿತು. ಬಕೀಟಿನ ಮೇಲೆ ನೊಣಗಳು ಬಂದು ಕೂತವು. ಗುರುರಾಜಣ್ಣನ ಬಲಗೈ ಹಿಡಿಕೆಯ ತನಕ ಹೋಗಿ, ಮುಟ್ಟದೆ, ಅಲ್ಲೇ ನಿಂತಿತ್ತು. ಮಕ್ಕಳೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಗಂಟೆ ಹಾಲೇಶನ ಮುಷ್ಟಿಯಲ್ಲಿ ಬೆಚ್ಚಗಾಗಿತ್ತು. ಅವನು ಬಾರಿಸಲಿಲ್ಲ.

ತನ್ನ ಅಪ್ಪ ಯಾರು, ತಾನು ಯಾವ ಕೇರಿಯವನು ಎಂದು ಹಾಲೇಶ ಆ ಅಂಗಳದಲ್ಲಿ ಯಾರಿಗೂ, ಒಮ್ಮೆಯೂ ಹೇಳಿರಲಿಲ್ಲ.