ಬಲಗಿವಿಯ ಹರಳು

ಖರ್ಜೂರದ ಕೊಯ್ಲಿಗೆ ಹನ್ನೆರಡು ದಿನವಿತ್ತು. ಬೆಳಿಗ್ಗೆ ಚಹಾ ಕೊಡಲು ಹೋದಾಗ ಅಪ್ಪ ಹಾಸಿಗೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ಕಣ್ಣುಗುಡ್ಡೆಗಳು ಎಳೆದೆಳೆದು ಓಡುತ್ತಿದ್ದವು.

"ಬಲಕ್ಕೆ ಹೊರಳಿದೆ ಅಷ್ಟೇ, ಮನೆಯೇ ಬುಗುರಿ ಆಯ್ತು," ಎಂದ. ಅರೆನಿಮಿಷದಲ್ಲಿ ನಿಂತಿತು. "ತಲೆ ಎತ್ತಿ ನೋಡಿದ್ರೂ ಹಿಂಗೇ. ಸಾಸಿ ಚಿಕ್ಕಪ್ಪನಿಗೆ ಹೇಳ್ಬೇಡ ಮಗಳೇ. ಮತ್ತೆ ತುದಿಗೆ ಯಾರು ಹತ್ತೋದು?"

ತೋಝರ್ ಎಂಬ ನಮ್ಮ ಮರುಭೂಮಿ ಊರಿನ ತೋಟಗಳಲ್ಲಿ ಗೊನೆಯನ್ನು ಕೆಳಗೆ ಬೀಳಿಸುವುದಿಲ್ಲ. ತುದಿಯಲ್ಲಿ ಒಬ್ಬ ಕತ್ತರಿಸುತ್ತಾನೆ. ಅವನ ಕೆಳಗೆ ಕಾಂಡಕ್ಕೆ ಕಾಲು ಕೊಟ್ಟು ನಿಂತವರು ಕೈಯಿಂದ ಕೈಗೆ ಇಳಿಸುತ್ತಾರೆ. ಮೂವತ್ತು ವರ್ಷ ತುದಿಯಲ್ಲಿ ಅಪ್ಪ, ಅವನ ಕೆಳಗೆ ಚಿಕ್ಕಪ್ಪ ಸಾಸಿ.

ಫೋನಿನಲ್ಲಿ ಹುಡುಕಿದೆ. ಎಲ್ಲವೂ ಇತ್ತು. ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ಬಿಟ್ಟು ಜಾರುತ್ತವಂತೆ. ತಿಳಿದವರು ತಲೆಯನ್ನು ಕ್ರಮವಾಗಿ ತಿರುಗಿಸಿದರೆ ಮರಳುತ್ತವಂತೆ. ಐದು ನಿಮಿಷದ ಕೆಲಸ. ಆದರೆ ಊಟಕ್ಕೆ ಕೂತಾಗ ಉಪ್ಪು ಕೇಳಲೂ ಹಿಂಜರಿಯುವವಳು ನಾನು. 'ನಾಳೆ ಹೇಳುತ್ತೇನೆ' ಎಂದು ದಿನಚರಿಯಲ್ಲಿ ಬರೆದೆ. ಮರುದಿನವೂ ಅದನ್ನೇ ಬರೆದೆ.

ಕೊಯ್ಲಿನ ದಿನ ಚಿಕ್ಕಪ್ಪ ಮರದ ಬುಡದಲ್ಲಿ ಪ್ಯಾಂಟು ಮಡಚುತ್ತಿದ್ದ.

"ಏ ಮೂಗಿ, ಯಾಕೆ ನನ್ನ ಮುಖಾನೇ ನೋಡ್ತಿದೀಯ? ಅಷ್ಟು ಓದಿಸಿದ್ರಲ್ಲ, ಮಾತಾಡೋದು ಕಲಿಸ್ಲಿಲ್ವಾ?"

"ಏನಿಲ್ಲ ಚಿಕ್ಕಪ್ಪ."

"ಏನೋ ಇದೆ. ಮದುವೆ ವಿಷಯ ತಾನೆ? ಇಳಿದು ಬಂದ್ಮೇಲೆ ಹೇಳು. ನಿಮ್ಮಪ್ಪನ್ನ ಒಪ್ಪಿಸೋದು ನನಗೆ ಬಿಡು."

ಆಗಲೇ ತುದಿ ಸೇರಿದ್ದ ಅಪ್ಪನ ಕೆಳಗೆ ಹತ್ತಿ ನಿಂತ.

ಮೂರನೆಯ ಗೊನೆಗೆ ಅಪ್ಪ ತಲೆ ಎತ್ತಿದ. ಕುಡುಗೋಲು ಬಿದ್ದದ್ದು ಕಂಡಿತು. ಅಪ್ಪ ಮರವನ್ನು ತಬ್ಬಿಕೊಂಡ. ಅರ್ಧ ಕತ್ತರಿಸಿದ್ದ ಗೊನೆ ಕಳಚಿತು. ಅದನ್ನು ಹಿಡಿಯಲು ಚಿಕ್ಕಪ್ಪ ಎರಡೂ ಕೈಗಳನ್ನು ಮೇಲೆ ಚಾಚಿದ್ದ.

ಚಿಕ್ಕಪ್ಪನನ್ನು ಮಣ್ಣು ಮಾಡಿದ ಮೇಲೆ ಅಪ್ಪನ ತಲೆಸುತ್ತನ್ನು ಎಲ್ಲರೂ ದುಃಖದ್ದೆಂದೇ ತಿಳಿದರು. ನಮಾಜಿಗೆ ಬಾಗಿದರೆ ಗೋಡೆ ಹಿಡಿಯುತ್ತಿದ್ದ. ಚಿಕ್ಕಮ್ಮ ಝಕಿಯಾ, ವಿಧವೆಯರು ಮನೆಯೊಳಗೇ ಇರಬೇಕಾದ ಶೋಕದ ನಾಲ್ಕು ತಿಂಗಳು ಹತ್ತು ದಿನ ಮುಗಿಸಿ ಮೊದಲು ಹೊಸ್ತಿಲು ದಾಟಿದ್ದೇ ಅಪ್ಪನನ್ನು ಡಾಕ್ಟರ ಬಳಿ ಕರೆದೊಯ್ಯಲು.

"ನೀವೂ ಹಾಸಿಗೆ ಹಿಡಿದ್ರೆ ನಮಗೆ ಯಾರಿದ್ದಾರೆ ಭಾವ?" ಎಂದು ದಾರಿಯುದ್ದಕ್ಕೂ ಅವನ ತೋಳು ಬಿಡಲಿಲ್ಲ.

ಡಾಕ್ಟರಮ್ಮ ಅಪ್ಪನ ತಲೆಯನ್ನು ಬಲಕ್ಕೆ ತಿರುಗಿಸಿ, ಥಟ್ಟನೆ ಮಲಗಿಸಿ, ಮಂಚದ ಅಂಚಿನಿಂದಾಚೆ ಇಳಿಬಿಟ್ಟರು. ಕಣ್ಣುಗಳು ಓಡಿದವು. ನಿಲ್ಲುವವರೆಗೂ ಕಾದು ಎಡಕ್ಕೆ ತಿರುಗಿಸಿದರು, ಆಮೇಲೆ ಮೈಯನ್ನೂ ಎಡಕ್ಕೆ ಹೊರಳಿಸಿ ಮುಖ ನೆಲದ ಕಡೆ ಮಾಡಿಸಿದರು, ಕೊನೆಗೆ ಕೂರಿಸಿದರು.

"ಮುಗೀತು," ಎಂದರು.

"ಇಷ್ಟೇನಾ?" ಎಂದ ಅಪ್ಪ.

"ಇಷ್ಟೇ. ಯಾವಾಗಿಂದ ಇತ್ತು ಇದು?"

ಅಪ್ಪ ನನ್ನನ್ನು ನೋಡಿದ. ಅವತ್ತು ಮಾತ್ರ ನನಗೆ ಬಾಯಿ ಬಂತು.

"ಕೊಯ್ಲಿಗೆ ಹನ್ನೆರಡು ದಿನ ಮೊದಲಿಂದ. ನನಗೂ ಗೊತ್ತಿತ್ತು."

ಚಿಕ್ಕಮ್ಮನ ಕೈ ಅಪ್ಪನ ತೋಳಿನಿಂದ ಜಾರಿತು. ಒಬ್ಬಳೇ ನಡೆದುಕೊಂಡು ಮನೆಗೆ ಹೋದಳು. ಆಮೇಲೆ ನಮ್ಮ ಬಾಗಿಲಿಗೆ ಬಂದಿಲ್ಲ.

ಅಪ್ಪನಿಗೆ ಪೂರ್ತಿ ವಾಸಿಯಾಗಿದೆ. ಮಧ್ಯಾಹ್ನ ಊಟವಾದ ಮೇಲೆ ಬೇಕೆಂದೇ ಬಲಮಗ್ಗುಲಿಗೆ ಹೊರಳುತ್ತಾನೆ, ಮನೆ ಮತ್ತೆ ಸುತ್ತಲೆಂದು ಕಣ್ಣು ತೆರೆದುಕೊಂಡು ಕಾಯುತ್ತಾನೆ.

"ಬಂತಾ ಅಪ್ಪ?" ಎನ್ನುತ್ತೇನೆ.

"ಇಲ್ಲ ಮಗಳೇ," ಎನ್ನುತ್ತಾನೆ. ಮತ್ತೊಮ್ಮೆ ಹೊರಳುತ್ತಾನೆ.